ದಯೆಯಲ್ಲಿ ಪಂಕ್ತಿಭೇದ

ಒಂದೇ ಸಾಲಿನಲ್ಲಿ ಉಣಲು ಕುಳಿತವರಲ್ಲಿ ಒಬ್ಬನ ಎಲೆಗೆ ತುಪ್ಪವನ್ನೂ ಪಕ್ಕದವನ ಎಲೆಗೆ ನೀರುಮಜ್ಜಿಗೆಯನ್ನೂ ಬಡಿಸುವುದು ದೋಷವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅನ್ನಕ್ಕೆ ಸಲ್ಲುವ ಈ ನ್ಯಾಯವು ದಯೆಗೂ ಸಲ್ಲುತ್ತದೆಂಬುದು ಮಾತ್ರ ಅಷ್ಟು ಬೇಗ ಮನಸ್ಸಿಗೆ ಹತ್ತುವುದಿಲ್ಲ. ತನಗೆ ಸಮಾನನಾದವನಲ್ಲಿ ಕರುಣೆಯನ್ನು ತೋರಿ, ತನಗಿಂತ ಕೆಳಗಿನವನೆಂದು ಎಣಿಸಿದವನಲ್ಲಿ ಅದನ್ನು ತೋರದವನನ್ನು ದಯಾವಂತನೆನ್ನಬಹುದೆ? ಅವನಲ್ಲಿ ಅರ್ಧ ದಯೆಯಾದರೂ ಇದೆಯೆನ್ನಬೇಕೆ, ಇಲ್ಲವೆ ಅದು ದಯೆಯೇ ಅಲ್ಲವೆನ್ನಬೇಕೆ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ 14ನೆಯ ಶತಮಾನದ ಇಂಗ್ಲೆಂಡಿನ ಒಬ್ಬ ರಾಜಕುಮಾರನ ಚರಿತ್ರೆಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ಅರಸನ ಹಿರಿಯ ಮಗನಾಗಿ 1330ರಲ್ಲಿ ಹುಟ್ಟಿದ ಎಡ್ವರ್ಡನು ಚರಿತ್ರೆಯಲ್ಲಿ 'ಕರಿಯ ರಾಜಕುಮಾರ'ನೆಂದು ಹೆಸರಾಗಿದ್ದಾನೆ. ಆ ಹೆಸರು ಅವನು ಬದುಕಿದ್ದಾಗಿನದಲ್ಲ, ಅನೇಕ ತಲೆಮಾರುಗಳ ಅನಂತರ ಬಳಕೆಗೆ ಬಂದದ್ದು. ಅವನ ತಂದೆಯು ತಾಯಿಯ ಕಡೆಯ ಹಕ್ಕನ್ನು ಮುಂದುಮಾಡಿ ಫ್ರಾನ್ಸಿನ ಸಿಂಹಾಸನವು ತನ್ನದೆಂದು ಸಾಧಿಸಿದನು. ಅದರಿಂದ 1337ರಲ್ಲಿ ಹೊತ್ತಿಕೊಂಡ ಯುದ್ಧದ ಕಿಡಿ ನೂರು ವರ್ಷಕ್ಕೂ ಮೀರಿ ಆರಲಿಲ್ಲ. 1346ರ ಕ್ರೆಸಿ ಕದನದಲ್ಲಿ ಮುಂಚೂಣಿಯ ಪಡೆಯಲ್ಲಿ ನಿಂತಾಗ ರಾಜಕುಮಾರನಿಗೆ 16 ವರ್ಷ. ಅಂದಿನಿಂದ ಅವನ ಶೌರ್ಯದ ಕೀರ್ತಿ ಯೂರೋಪಿನಲ್ಲೆಲ್ಲ ಹರಡಿತು.

ಶೌರ್ಯಕ್ಕಿಂತಲೂ ಹೆಚ್ಚಾಗಿ ಅವನ ಸೌಜನ್ಯವನ್ನು ಕೊಂಡಾಡಿಸಿದ ಪ್ರಸಂಗವು 1356ರ ಸೆಪ್ಟೆಂಬರ್ 19ರದು. ಅಂದು ಪ್ವಾಟಿಯೇ ಪಟ್ಟಣದ ಬಳಿ ತನಗಿಂತ ದೊಡ್ಡ ಸೈನ್ಯವನ್ನು ಸೋಲಿಸಿ, ಫ್ರಾನ್ಸಿನ ದೊರೆಯಾದ ಎರಡನೆಯ ಜಾನನನ್ನೂ ಅವನ ಎಳೆಯ ಮಗನನ್ನೂ ಸೆರೆಹಿಡಿದನು. ಆ ಇರುಳು ನಡೆದುದನ್ನು ಫ್ರ್ವಾಸಾರ್ ಎಂಬ ಚರಿತ್ರಕಾರನು ಬಣ್ಣಿಸಿದ್ದಾನೆ. ಗೆದ್ದವನು ಸೋತ ದೊರೆಗೆ ತನ್ನ ಬಿಡಾರದಲ್ಲಿ ಔತಣವಿಟ್ಟನು. ದೊರೆ ಎಷ್ಟು ಕರೆದರೂ ಅವನ ಪಂಕ್ತಿಯಲ್ಲಿ ಕೂರಲಿಲ್ಲ. ಅಂಥ ಮಹಾರಾಜನ ಸರಿಸಮಕ್ಕೆ ಕೂರುವ ಯೋಗ್ಯತೆ ತನಗಿಲ್ಲವೆಂದು ಹೇಳಿ, ತಾನೇ ನಿಂತು ಬಡಿಸಿದನು. ರಾಜಕುಮಾರನು ತನ್ನ ಬಿರುದಿನೊಡನೆ ಧರಿಸುತ್ತಿದ್ದ ವಾಕ್ಯದ ಅರ್ಥವೂ 'ನಾನು ಸೇವೆ ಮಾಡುವವನು' ಎಂದೇ. ಹೊರನೋಟಕ್ಕೆ ಇದು ದಾಸೋಹಭಾವವೇ ಮೈದಾಳಿ ಬಂದಂತೆ ತೋರುತ್ತದೆ. ಸೋತ ಶತ್ರುವನ್ನು ಹೀಗಳೆಯದೆ ಸತ್ಕರಿಸಿದುದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಗೆದ್ದ ಅಹಂಕಾರದಲ್ಲಿ ಅಷ್ಟನ್ನೂ ಮಾಡದ ಅರಸರ ಸಂಖ್ಯೆ ಎಲ್ಲ ದೇಶಗಳಲ್ಲಿಯೂ ದೊಡ್ಡದೇ.

ಆದರೆ ಇದಕ್ಕೆ ಒಂದು ವರ್ಷ ಹಿಂದೆ ಅದೇ ಕೈಗಳು ಮಾಡಿದ ಕೆಲಸವನ್ನೂ ನೋಡಬೇಕು. 1355ರ ಅಕ್ಟೋಬರ್ ಮೊದಲ ವಾರದಲ್ಲಿ ರಾಜಕುಮಾರನು ಬೋರ್ಡೋ ನಗರದಿಂದ ಹೊರಟು, ಪೂರ್ವಕ್ಕೆ ಮೆಡಿಟರೇನಿಯನ್ ಕಡಲಿಗೆ ಸಮೀಪದ ನಾರ್ಬೊನ್‌ವರೆಗೆ ಸಾಗಿ, ಡಿಸೆಂಬರ್ ಮೊದಲಿಗೆ ಹಿಂತಿರುಗಿದನು. ಈ ಬಗೆಯ ದಂಡಯಾತ್ರೆಗೆ ಫ್ರೆಂಚರು 'ಷೆವೊಷೆ' ಎನ್ನುತ್ತಿದ್ದರು. ಕುದುರೆಯೇರಿ ನಾಡಿನ ಮೇಲೆ ಹಾಯ್ದು, ಸುಡಬಹುದಾದುದೆಲ್ಲವನ್ನೂ ಸುಟ್ಟು ಮುಂದೆ ಹೋಗುವುದು ಅದರ ಕ್ರಮ. ಎದುರು ಪಕ್ಷದ ಸೇನಾಪತಿಯಾದ ಅರ್ಮಾನ್ಯಾಕ್ ಪ್ರಭುವು ತೂಲೂಸಿನ ಕೋಟೆಗೋಡೆಯ ಹಿಂದೆ ಕುಳಿತು ಹೊರಗೆ ಬರಲಿಲ್ಲ. ಆದುದರಿಂದ ಆ ಎರಡು ತಿಂಗಳಲ್ಲಿ ಹೇಳಿಕೊಳ್ಳುವಂಥ ಕದನವೇ ನಡೆಯಲಿಲ್ಲ. ಸುಮಾರು 500 ಊರುಗಳು ಹಾಳಾದುವೆಂದು ಚರಿತ್ರಕಾರರ ಲೆಕ್ಕ. ಮನೆ, ಕಣಜ, ಬೀಸುವ ಗಿರಣಿ, ಯಾವುದನ್ನೂ ಬಿಡಲಿಲ್ಲ. ನೀರು ಸಿಕ್ಕದ ಕಡೆ ಕುದುರೆಗಳಿಗೆ ರೈತರ ದ್ರಾಕ್ಷಾರಸವನ್ನೇ ಕುಡಿಸಿದರು. ಕಾರ್ಕಾಸೊನ್ ಪಟ್ಟಣದ ಕೆಳಪೇಟೆಯ ಜನರು ತಮ್ಮ ಊರನ್ನು ಉಳಿಸಬೇಕೆಂದು 2,50,000 ಚಿನ್ನದ ನಾಣ್ಯಗಳನ್ನು ಕೊಡಲು ಮುಂದೆ ಬಂದರು. ತಾನು ಹಣಕ್ಕಾಗಿ ಬಂದವನಲ್ಲ, ನ್ಯಾಯಕ್ಕಾಗಿ ಬಂದವನೆಂಬ ಉತ್ತರ ಅವರಿಗೆ ಸಿಕ್ಕಿತು. ದೇವಾಲಯಗಳನ್ನು ಮುಟ್ಟಬಾರದೆಂದು ಅಪ್ಪಣೆ ಮಾಡಿ, ಉಳಿದ ಪೇಟೆಗೆ ಬೆಂಕಿಯಿಡಿಸಿದನು. ದೇಹವೇ ದೇಗುಲವೆಂದು ಬಗೆದವರ ಸಂಪ್ರದಾಯದಲ್ಲಿ ಬೆಳೆದವರಿಗೆ ಈ ಅಪ್ಪಣೆಯು ವಿಚಿತ್ರವಾಗಿ ಕೇಳಿಸದಿರದು. ಕಲ್ಲಿನ ಗುಡಿಗಳಿಗೆ ಅಭಯ ದೊರೆತು, ಉಸಿರಾಡುವ ಗುಡಿಗಳಿಗೆ ದೊರೆಯಲಿಲ್ಲ.

ಇದು ಕೋಪದ ಭರದಲ್ಲಿ ಆದ ಕೆಲಸವಾಗಿದ್ದರೆ ವಿಚಾರವು ಬೇರೆಯಾಗುತ್ತಿತ್ತು. ಇದು ಲೆಕ್ಕ ಹಾಕಿ ಮಾಡಿದ ಕೆಲಸ. ರಾಜಕುಮಾರನ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಸರ್ ಜಾನ್ ವಿಂಗ್‌ಫೀಲ್ಡನು ಆ ವರ್ಷದ ಡಿಸೆಂಬರಿನಲ್ಲಿ ವಿಂಚೆಸ್ಟರಿನ ಬಿಷಪ್ಪನಿಗೆ ಬರೆದ ಪತ್ರ ಉಳಿದುಬಂದಿದೆ. ಹಾಳಾದ ಪಟ್ಟಣಗಳು ಫ್ರಾನ್ಸಿನ ಅರಸನಿಗೆ ಯುದ್ಧಕ್ಕಾಗಿ ವರ್ಷವರ್ಷವೂ ಎಷ್ಟೊಂದು ಹಣವನ್ನು ಒದಗಿಸುತ್ತಿದ್ದುವೆಂದು ಅದರಲ್ಲಿ ತೃಪ್ತಿಯಿಂದ ಎಣಿಸಿದ್ದಾನೆ. ಅರಸನ ಬೊಕ್ಕಸವನ್ನು ಒಣಗಿಸಬೇಕು. ಅದಕ್ಕೆ ತೆರಿಗೆ ತೆರುವವನ ಮನೆಯನ್ನು ಸುಡಬೇಕು. ತನ್ನ ಪ್ರಜೆಯನ್ನು ಕಾಯಲಾರದವನು ದೊರೆಯೇ ಅಲ್ಲವೆಂದು ಲೋಕಕ್ಕೆ ತೋರಿಸಬೇಕು. ಈ ತರ್ಕದಲ್ಲಿ ರೈತನು ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಒಬ್ಬ ಅರಸನು ಇನ್ನೊಬ್ಬನಿಗೆ ಹೊಡೆಯಲು ಹಿಡಿದುಕೊಂಡ ಕೋಲು ಅವನು.

ಪ್ವಾಟಿಯೇಯ ಔತಣಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲದಿಲ್ಲ. ಸೆರೆಸಿಕ್ಕ ಕುಲೀನನೆಂದರೆ ಬಿಡುಗಡೆಯ ಹಣ. ದೊರೆ ಜಾನನ ಬಿಡುಗಡೆಗೆ 1360ರ ಬ್ರೆಟೀನ್ಯಿ ಒಪ್ಪಂದದಲ್ಲಿ ಗೊತ್ತಾದ ಮೊತ್ತ 30 ಲಕ್ಷ ಚಿನ್ನದ ನಾಣ್ಯ. ರಾಜಕುಮಾರನು ಹಣವನ್ನೆಣಿಸುತ್ತ ಬಡಿಸಿದನೆಂದು ಹೇಳುವುದು ಅವನಿಗೆ ಅನ್ಯಾಯವಾದೀತು. ಆದರೆ ಕುಲೀನರಿಗೆ ಕುಲೀನರು ತೋರುವ ಸೌಜನ್ಯವೆಂಬ ಆ ಧರ್ಮವು ಬೆಳೆದ ಮಣ್ಣಿನಲ್ಲಿ ಈ ಗೊಬ್ಬರವೂ ಇತ್ತು. ಬೆಲೆಯಿಲ್ಲದ ಕಾಲಾಳಿಗೆ ಆ ಔತಣದಲ್ಲಿ ಎಲೆಯಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಅದು ಆ ಕಾಲದ ರೂಢಿ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಇಂದಿನ ಅಳತೆಗೋಲಿನಿಂದ ಅಂದಿನವನನ್ನು ಅಳೆಯಬಾರದು ಎನ್ನುವುದುಂಟು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ ಅದು ಪೂರ್ಣವಾಗಿ ನಿಲ್ಲುವಂಥದಲ್ಲ. ಅದೇ ಯುದ್ಧದ ಕಾಲದಲ್ಲಿ, 1387ರ ಸುಮಾರಿಗೆ, ಒನೊರೆ ಬೊವೆ ಎಂಬ ಕ್ರೈಸ್ತ ಸಂನ್ಯಾಸಿಯು ಯುದ್ಧಧರ್ಮವನ್ನು ಕುರಿತು ಗ್ರಂಥವೊಂದನ್ನು ರಚಿಸಿದನು. ನೆಲವನ್ನುಳುವವನು ಎಲ್ಲರಿಗಾಗಿ ದುಡಿಯುವವನು. ಅರಸರ ಜಗಳದಲ್ಲಿ ಅವನಿಗೂ ಅವನ ಎತ್ತಿಗೂ ಕೇಡು ಮಾಡಬಾರದು ಎಂಬುದು ಅವನ ವಾದ. ಅಂದಮೇಲೆ ರೂಢಿಯ ನಡುವೆ ನಿಂತೂ ಅದನ್ನು ಮೀರಿ ಕಾಣಬಲ್ಲ ಕಣ್ಣು ಆ ನಾಡಿನಲ್ಲಿಯೇ ಇತ್ತು.

ಅವನಿಗಿಂತ ಎರಡು ಶತಮಾನ ಮುಂಚೆ ಕಲ್ಯಾಣದಲ್ಲಿ ಶರಣರು ಕಂಡುದು ಇದಕ್ಕಿಂತಲೂ ಮುಂದಿನದು. ಬೊವೆಯು ರೈತನನ್ನು ಕಾಪಾಡಬೇಕೆಂದನು; ಶರಣರು ದುಡಿಯುವವನ ಕಾಯಕವನ್ನು ಪೂಜೆಯ ಸ್ಥಾನದಲ್ಲಿಟ್ಟರು. ಮಡಿವಾಳನೂ ಹಗ್ಗ ಹೊಸೆಯುವವನೂ ಮಂತ್ರಿಯೊಡನೆ ಒಂದೇ ಅನುಭವಗೋಷ್ಠಿಯಲ್ಲಿ ಕುಳಿತಮೇಲೆ, ದಯೆಯು ಮೇಲಿನವನು ಕೆಳಗಿನವನಿಗೆ ನೀಡುವ ದಾನವಾಗಿ ಉಳಿಯುವುದಿಲ್ಲ. ತಾನಾಗಿಯೇ ಸೇವೆಗೆ ನಿಲ್ಲುವುದು ದಾಸೋಹದ ಹೊರಗುರುತಾದರೆ, ಯಾರ ಮುಂದೆ ನಿಂತನೆಂಬುದನ್ನು ವಿಚಾರಿಸದಿರುವುದು ಅದರ ಒಳಗುರುತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ತಾಯಿಯು ಅದನ್ನು ಹಿಂದಕ್ಕೆ ಸುರಿದು ಬರಲು ಕಳುಹಿಸಿದಳು. ನೆಲಕ್ಕೆ ಬಿದ್ದ ಅಕ್ಕಿಯ ಹೆಚ್ಚುವರಿಯೇ ಅವಳಿಗೆ ಭಾರವಾಯಿತು. ಇತ್ತ 500 ಊರುಗಳ ಕೊಳ್ಳೆಯ ಗಾಡಿಗಳು ಬೋರ್ಡೋಗೆ ಬಂದಾಗ ಅದು ಭಾರವೆನಿಸಿದ ಸುದ್ದಿ ಯಾವ ಚರಿತ್ರೆಯಲ್ಲಿಯೂ ಇಲ್ಲ.

ರಾಜಕುಮಾರನ ಕೊನೆಯ ದಂಡಯಾತ್ರೆಯಲ್ಲಿ ಈ ಪಂಕ್ತಿಭೇದವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1362ರಲ್ಲಿ ತಂದೆಯು ಅವನನ್ನು ಅಕಿಟೇನ್ ಪ್ರಾಂತದ ಒಡೆಯನನ್ನಾಗಿ ಮಾಡಿದ್ದನು. 1367ರಲ್ಲಿ ಸ್ಪೇನಿನ ಒಬ್ಬ ಅರಸನಿಗೆ ನೆರವಾಗಿ ಕಾದು ಗೆದ್ದರೂ, ಕೊಡಬೇಕಾದ ಹಣವನ್ನು ಆ ಅರಸನು ಕೊಡಲಿಲ್ಲ. ರಾಜಕುಮಾರನು ರೋಗಿಯಾಗಿ ಸಾಲ ಹೊತ್ತು ಮರಳಿದನು. ಆ ಸಾಲವನ್ನು ತೀರಿಸಲು ಪ್ರಜೆಗಳ ಮೇಲೆ ಒಲೆಗಿಷ್ಟೆಂದು ತೆರಿಗೆ ಹಾಕಿದಾಗ ನಾಡು ತಿರುಗಿಬಿದ್ದಿತು. 1370ರಲ್ಲಿ ಲಿಮೋಜ್ ನಗರದ ಬಿಷಪ್ಪನು ಊರನ್ನು ಫ್ರೆಂಚರ ವಶಮಾಡಿದನು. ಈತನು ರಾಜಕುಮಾರನ ಮಗನ ದೀಕ್ಷೆಯಲ್ಲಿ ಧರ್ಮಪಿತನಾಗಿದ್ದವನು. ನಡೆಯಲಾರದ ರಾಜಕುಮಾರನು ಡೋಲಿಯಲ್ಲಿ ಮಲಗಿಕೊಂಡೇ ಮುತ್ತಿಗೆಗೆ ಬಂದನು. ಸೆಪ್ಟೆಂಬರ್ 19ರಂದು, ಎಂದರೆ ಪ್ವಾಟಿಯೇಯ ಔತಣಕ್ಕೆ ಸರಿಯಾಗಿ 14 ವರ್ಷ ತುಂಬಿದ ದಿನ, ಗೋಡೆ ಬಿದ್ದಿತು.

ಮುಂದಿನದನ್ನು ಹೇಳುವವನು ಮತ್ತೆ ಫ್ರ್ವಾಸಾರನೇ. ಗಂಡಸರು, ಹೆಂಗಸರು, ಮಕ್ಕಳೆನ್ನದೆ ಜನರು ಮೊಣಕಾಲೂರಿ ಬೇಡಿಕೊಂಡರೂ ಅವನು ಕಿವಿಗೊಡಲಿಲ್ಲ. 3,000 ಮಂದಿ ಕತ್ತಿಗೆ ತುತ್ತಾದರು. ಅನಂತರ ಮೂವರು ಫ್ರೆಂಚ್ ವೀರರು ಗೋಡೆಗೆ ಬೆನ್ನುಕೊಟ್ಟು ರಾಜಕುಮಾರನ ತಮ್ಮಂದಿರೊಡನೆ ಕುಶಲದಿಂದ ಕಾದುವುದನ್ನು ಡೋಲಿಯಿಂದಲೇ ನೋಡಿ ಅವನ ಮನಸ್ಸು ಕರಗಿತು. ಮಕ್ಕಳ ಅಳುವಿಗೆ ಕರಗದುದು ಖಡ್ಗವಿದ್ಯೆಗೆ ಕರಗಿತು. ಫ್ರ್ವಾಸಾರನು ಆ ದಿನ ಅಲ್ಲಿರಲಿಲ್ಲ. ಸ್ಥಳೀಯ ಮಠವೊಂದರ ದಾಖಲೆಯಲ್ಲಿ ಸತ್ತವರು 300 ಮಂದಿಯೆಂದಿದೆ. 2014ರಲ್ಲಿ ಬೆಳಕಿಗೆ ಬಂದ ರಾಜಕುಮಾರನ ಪತ್ರದಲ್ಲಿ ಸೆರೆಸಿಕ್ಕ 200 ಮಂದಿ ಯೋಧರ ಎಣಿಕೆಯಿದೆ, ಸತ್ತ ನಾಗರಿಕರ ಎಣಿಕೆಯಿಲ್ಲ. ಕೊಂದವರು ಯಾರೆಂಬುದನ್ನೇ ಇಂದಿನ ವಿದ್ವಾಂಸರು ಚರ್ಚಿಸುತ್ತಿದ್ದಾರೆ. ಆದುದರಿಂದ 3,000ದ ಪಾಪವನ್ನು ಅವನ ತಲೆಗೆ ಕಟ್ಟುವುದು ಉಚಿತವಲ್ಲ. ಆದರೂ ಒಂದು ವಿಷಯ ಗಮನಾರ್ಹವಾಗಿದೆ. ಅವನನ್ನು ಮೆಚ್ಚಿ ಬರೆದ ಫ್ರ್ವಾಸಾರನೇ, ದ್ರೋಹ ಮಾಡಿದ ದೊಡ್ಡವರಿಗಿಂತ ಏನನ್ನೂ ಮಾಡದ ಬಡವರು ಹೆಚ್ಚಿನ ದಂಡ ತೆತ್ತರೆಂದು ಇಲ್ಲಿ ಮರುಗುತ್ತಾನೆ. ಬಿಷಪ್ಪನಿಗೆ ಮೊದಲು ತಲೆ ತೆಗೆಸುವ ಬೆದರಿಕೆ ಬಂದರೂ ಅವನು ಬದುಕಿ ಉಳಿದನು. ಮರುವರ್ಷವೇ ಕಾರ್ಡಿನಲ್ ಪದವಿಗೇರಿದನು.

ಆದಿಯಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಎದುರಿನವನ ಕುಲವನ್ನೂ ಬೆಲೆಯನ್ನೂ ಕೌಶಲವನ್ನೂ ನೋಡಿದ ಮೇಲೆ ಹುಟ್ಟುವ ಭಾವಕ್ಕೆ ಮರ್ಯಾದೆಯೆಂಬ ಹೆಸರು ಸಲ್ಲುತ್ತದೆ. ಮರ್ಯಾದೆಯು ಒಳ್ಳೆಯದೇ. ಆದರೆ ಅದು ಬೆಳೆದು ಒಂದು ದಿನ ದಯೆಯಾಗುತ್ತದೆಂದು ನಂಬಲಾಗದು, ಏಕೆಂದರೆ ಎರಡಕ್ಕೂ ಬೀಜವೇ ಬೇರೆ. ನೋವನ್ನು ಮಾತ್ರ ಕಂಡು, ನೊಂದವನು ಯಾರೆಂದು ಕೇಳುವುದನ್ನು ಮರೆತಲ್ಲಿ ದಯೆ ಮೊದಲಾಗುತ್ತದೆ.

ರಾಜಕುಮಾರನು 1376ರ ಜೂನ್ 8ರಂದು, 46 ವರ್ಷ ತುಂಬುವ ಮೊದಲೇ, ಸಿಂಹಾಸನವನ್ನೇರದೆ ತೀರಿಕೊಂಡನು. ಹಿಂದಿನ ದಿನ ಬರೆಸಿದ ಮರಣಶಾಸನದಲ್ಲಿ ತನ್ನ ಸಮಾಧಿಯ ಮೇಲೆ ಕೆತ್ತಬೇಕಾದ ಫ್ರೆಂಚ್ ಪದ್ಯವನ್ನೂ ಗೊತ್ತುಮಾಡಿದ್ದನು. ಕ್ಯಾಂಟರ್ಬರಿಯ ದೇವಾಲಯದಲ್ಲಿ ಅದು ಇಂದಿಗೂ ಇದೆ. ತನಗಿದ್ದ ಭೂಮಿ, ಮನೆ, ಭಂಡಾರ, ಕುದುರೆ, ಬೆಳ್ಳಿಬಂಗಾರಗಳನ್ನೆಲ್ಲ ಅದು ಎಣಿಸುತ್ತದೆ. ಈಗ ತಾನು ಬಡವನೆನ್ನುತ್ತದೆ. ತನ್ನ ಆತ್ಮಕ್ಕೆ ಕರುಣೆ ದೊರೆಯಲೆಂದು ಪ್ರಾರ್ಥಿಸಬೇಕೆಂದು ದಾರಿಯಲ್ಲಿ ಹೋಗುವವನನ್ನು ಬೇಡುತ್ತದೆ. ಆ ದಾರಿಹೋಕನು ಯಾವ ಕುಲದವನಾಗಿರಬೇಕೆಂದು ಅದರಲ್ಲಿ ಹೇಳಿಲ್ಲ.