ಬಿಚ್ಚಿದಷ್ಟೂ ಬೆರಗು

ಮೊದಲು ತಿಳಿದುಕೊ, ಆಮೇಲೆ ಮಾಡು ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಸೈಕಲ್ಲು ಹುಟ್ಟಿದ್ದು ಹಾಗಲ್ಲ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅದಕ್ಕೊಂದು ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಜೇಮ್ಸ್ ಸ್ಟಾರ್ಲಿಯದು. ಆತ ಹೊಲಿಗೆ ಯಂತ್ರ ಮಾಡುತ್ತಿದ್ದವನು. 1885ರಲ್ಲಿ ಹೆಚ್ಚುಕಡಿಮೆ ಇವತ್ತಿನ ಸೈಕಲ್ಲಿನಂತೆಯೇ ಕಾಣುವ ರೋವರನ್ನು ಜನರ ಮುಂದಿಟ್ಟವನು ಅವನ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ. 1888ರಲ್ಲಿ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ ಡನ್‌ಲಪ್ ಪಶುವೈದ್ಯ. ಇವರಾರೂ ಸಮೀಕರಣ ಬರೆದುಕೊಂಡು ಕೆಲಸಕ್ಕೆ ಇಳಿಯಲಿಲ್ಲ. ಮಾಡಿದರು, ಓಡಿಸಿದರು, ಬಿದ್ದರು, ಎಲ್ಲೋ ಒಂದಿಷ್ಟು ಬಾಗಿಸಿ ಮತ್ತೆ ಓಡಿಸಿದರು. ಅವರ ಕೈಗೆ ತಿಳಿದಿದ್ದನ್ನು ಬುದ್ಧಿ ಇವತ್ತಿಗೂ ಬೆನ್ನಟ್ಟುತ್ತಲೇ ಇದೆ. ಹಳೆಯ ಉಕ್ಕಿನ ಸೈಕಲ್ಲೊಂದನ್ನು ಬಿಚ್ಚಿ ಹರವಿಕೊಂಡು ಕೂತಾಗಿನಿಂದ ನನ್ನನ್ನು ಹಿಡಿದಿರುವುದು ಇದೇ ಬೆರಗು.

ಸೈಕಲ್ಲು ರ್ಯಾಲಿ. ಎಪ್ಪತ್ತರ ದಶಕದ್ದು, ಹತ್ತು ಗೇರಿನದು, ಟಗರಿನ ಕೊಂಬಿನ ಹ್ಯಾಂಡಲ್‌ನದು. ನಾನಿರುವ ನಾಟಿಂಗ್‌ಹ್ಯಾಮ್‌ನಲ್ಲೇ ತಯಾರಾದದ್ದು, ಇಲ್ಲಿನದೇ ಒಂದು ಧರ್ಮಾರ್ಥ ಅಂಗಡಿಯಲ್ಲಿ 30 ಪೌಂಡಿಗೆ ಸಿಕ್ಕಿತು. ಮುಂಭಾಗದಲ್ಲಿ ಕೊಕ್ಕರೆ ತಲೆಯ ಬಿಲ್ಲೆ ಇನ್ನೂ ಇದೆ. ನಮ್ಮ ಕಡೆ ಹಿರಿಯರು ರ್ಯಾಲಿ ಸೈಕಲ್ ಎಂದು ಗೌರವದಿಂದ ಹೇಳುತ್ತಿದ್ದ ಹೆಸರಿನ ಮೂಲ ಊರು ಇದು. ಭಾರತದಲ್ಲಿ ಆ ಹೆಸರಿನ ಸೈಕಲ್ಲುಗಳು ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರ್ಯಾಲಿ ಕಾರ್ಖಾನೆಯಿಂದ ಬರುತ್ತಿದ್ದವು. ಇಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಿ ನಿಂತದ್ದು 2002ರಲ್ಲಿ. ಕಾರ್ಖಾನೆಯ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ಜುಬಿಲಿ ಕ್ಯಾಂಪಸ್ ಇದೆ.

ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಟಯರು, ಟ್ಯೂಬು, ಬ್ರೇಕಿನ ರಬ್ಬರು, ಬ್ರೇಕ್ ಮತ್ತು ಗೇರಿನ ತಂತಿ ಇಷ್ಟನ್ನು ಹೊಸದಾಗಿಯೇ ಕೊಂಡೆ. ಜೀವಕ್ಕೆ ಸಂಬಂಧಪಟ್ಟ ಕಡೆ ಕೈ ಬಿಗಿ ಹಿಡಿಯಬಾರದು. ಮಿಕ್ಕದ್ದೆಲ್ಲ ಉಜ್ಜಿ, ನೆನೆಸಿ, ಒರೆಸಿ ಉಳಿಸಿಕೊಂಡದ್ದು. ತುಕ್ಕು ಹಿಡಿದ ನಟ್ಟು ಬೋಲ್ಟುಗಳನ್ನು ಅಡುಗೆಮನೆಯ ಹುಣಸೆಹಣ್ಣಿನ ನೀರಿನಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ನೀರು ಕಪ್ಪಾಗಿ, ಲೋಹ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಹಿತ್ತಾಳೆ ಚೊಂಬು ಬೆಳಗುವಾಗ ಕೆಲಸ ಮಾಡುವ ಟಾರ್ಟಾರಿಕ್ ಆಮ್ಲವೇ ಇಲ್ಲೂ ತುಕ್ಕನ್ನು ಕರಗಿಸುತ್ತದೆ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ತುಕ್ಕು. ಕ್ರೋಮಿಯಂ ಲೇಪದ ಹ್ಯಾಂಡಲ್ಲಿಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅದು ಕ್ರೋಮಿಯಂಗಿಂತ ಮೆದು, ಗೀರು ಬೀಳುವುದಿಲ್ಲ. ಫ್ರೇಮು ನೆಟ್ಟಗಿದೆಯೋ ಇಲ್ಲವೋ ನೋಡಲು ಒಂದು ನೂಲು ಸಾಕಾಯಿತು. ಹಿಂದಿನ ಚಕ್ರ ಕೂರುವ ಒಂದು ಕಿವಿಯಿಂದ ಹೊರಟು, ಮುಂದಿನ ಕೊಳವೆಯನ್ನು ಬಳಸಿ, ಇನ್ನೊಂದು ಕಿವಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೆಳಗಿನ ಕೊಳವೆಗೂ ನೂಲಿಗೂ ನಡುವಿನ ಅಂತರ ಎರಡೂ ಕಡೆ ಒಂದೇ ಆಗಿರಬೇಕು. ಇಷ್ಟು ವರ್ಷ ಎಷ್ಟು ಗುಂಡಿಗಳಲ್ಲಿ ಇಳಿದೆದ್ದಿದೆಯೋ, ಅಂತರ ಒಂದೇ ಇತ್ತು.

ಎರಡು ಪೆಡಲುಗಳ ನಡುವಿನ ಅಚ್ಚು ತಿರುಗುವ ಬಟ್ಟಲುಗಳನ್ನು ಬಿಚ್ಚಿದ ಸಂಜೆ ಮರೆಯುವಂಥದ್ದಲ್ಲ. ಬ್ರಿಟಿಷ್ ಸೈಕಲ್ಲುಗಳಲ್ಲಿ ಆ ಬಟ್ಟಲಿಗೆ ಸಾಮಾನ್ಯವಾಗಿ ಇಂಚಿಗೆ 24 ಥ್ರೆಡ್. ರ್ಯಾಲಿಯವರು ತಮ್ಮ ಬಹಳಷ್ಟು ಮಾದರಿಗಳಿಗೆ 26 ಇಟ್ಟುಕೊಂಡಿದ್ದರು. ಹಾಗಾಗಿ ಹಳೆಯದನ್ನು ಎಸೆದು ಹೊಸದನ್ನು ಕೂರಿಸುವುದು ಸುಲಭವಲ್ಲ. ಇದ್ದದ್ದನ್ನೇ ಸೀಮೆಎಣ್ಣೆಯಲ್ಲಿ ತೊಳೆದೆ. ಡಾಂಬರಿನಷ್ಟು ಕಪ್ಪಾಗಿದ್ದ ಗ್ರೀಸಿನೊಳಗಿಂದ ಒಂದೊಂದೇ ಗುಂಡು ಈಚೆ ಬಂತು, ಒಂದು ಕಡೆಗೆ ಹನ್ನೊಂದು, ಇನ್ನೊಂದು ಕಡೆಗೆ ಹನ್ನೊಂದು. ಗುಂಡುಗಳು ಸವೆದಿದ್ದವು, ಕಾಲಿಂಚಿನ ಗುಂಡು ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಬಟ್ಟಲನ್ನು ಒರೆಸಿ ದೀಪದ ಕೆಳಗೆ ಹಿಡಿದರೆ, ಗುಂಡು ಓಡಿದ ಹಾದಿ ಒಳಗೆ ಉಂಗುರದಂತೆ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಹುಬ್ಬು ಕಾಣುತ್ತಿತ್ತು. ಯಾರೂ ಪಾಲಿಶ್ ಮಾಡದ ಹೊಳಪು ಅದು, ಬರೀ ತುಳಿತದಿಂದ ಬಂದದ್ದು.

ಎಡಗಡೆಯ ಪೆಡಲು ಉಲ್ಟಾ ಥ್ರೆಡ್ಡಿನದು ಎಂಬುದು ಸೈಕಲ್ ಬಿಚ್ಚಿದವರಿಗೆಲ್ಲ ಗೊತ್ತು. ಯಾಕೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ತಡವರಿಸುತ್ತಾರೆ. ಒಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು ಅದರ ತುದಿಯನ್ನು ದುಂಡಗೆ ಸುತ್ತಿಸಿ ನೋಡಿ: ನೀವು ಸುತ್ತಿಸಿದ ದಿಕ್ಕಿಗೆ ಎದುರಾಗಿ ಪೆನ್ಸಿಲ್ ತನ್ನಷ್ಟಕ್ಕೆ ಉರುಳುತ್ತದೆ. ತುಳಿಯುವಾಗ ಪೆಡಲಿನ ತಿರುಪೂ ತೂತಿನೊಳಗೆ ಕಣ್ಣಿಗೆ ಕಾಣದಷ್ಟು ಹೀಗೇ ಉರುಳುತ್ತದೆ. ಎಡಕ್ಕೂ ಮಾಮೂಲಿ ಥ್ರೆಡ್ ಇಟ್ಟಿದ್ದರೆ ದಾರಿಯಲ್ಲೇ ಪೆಡಲು ಕಳಚಿಕೊಳ್ಳುವ ಸಂಭವ ಇರುತ್ತಿತ್ತು. ಈಗ ತುಳಿದಷ್ಟೂ ಅದು ಬಿಗಿಯುವ ಕಡೆಗೇ ವಾಲುತ್ತದೆ.

ಇನ್ನು ಚಕ್ರ. ಒಂದು ಸ್ಪೋಕನ್ನು ಈಚೆ ತೆಗೆದು ಎರಡೂ ತುದಿ ಹಿಡಿದು ಒತ್ತಿದರೆ ಬಾಗಿಬಿಡುತ್ತದೆ. ದಪ್ಪ ಸುಮಾರು ಎರಡು ಮಿಲಿಮೀಟರ್. ಇಂಥ ಕಡ್ಡಿಗಳು ಆಳನ್ನು ಹೊರುವುದು ಹೇಗೆ? ನೆಲದ ಕಡೆಯವು ಬಾಗಬೇಕಿತ್ತು. ಬಾಗುವುದಿಲ್ಲ, ಏಕೆಂದರೆ ಎಲ್ಲವನ್ನೂ ಮೊದಲೇ ಎಳೆದು ಬಿಗಿದಿರುತ್ತಾರೆ. ಹಾಗಾದರೆ ನಾವು ಹತ್ತಿ ಕೂತಾಗ ಮೇಲಿನ ಕಡ್ಡಿಗಳಿಂದ ತೂಗಾಡುತ್ತೇವೆ ಎಂದು ನಾನೂ ಎಣಿಸಿದ್ದೆ, ಬಹಳ ಜನ ಎಣಿಸುವುದೂ ಹಾಗೇ. ಜಾಬ್ಸ್ಟ್ ಬ್ರಾಂಟ್ ಎಂಬ ಅಮೆರಿಕದ ಎಂಜಿನಿಯರ್ ಸೈಕಲ್ ಚಕ್ರದ ಬಗ್ಗೆಯೇ 1981ರಲ್ಲಿ ಒಂದು ಪುಸ್ತಕ ಪ್ರಕಟಿಸಿ, ಚಕ್ರ ನಿಲ್ಲುವುದು ಕೆಳಗಿನ ಕಡ್ಡಿಗಳ ಮೇಲೆ ಎಂದ. ಭಾರ ಬಿದ್ದಾಗ ಮೇಲಿನವುಗಳ ಎಳೆತ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ನೆಲದ ಹತ್ತಿರದ ಕೆಲವು ಕಡ್ಡಿಗಳ ಎಳೆತ ಮಾತ್ರ ಇಳಿಯುತ್ತದೆ. ಹಾಗೆ ಇಳಿಯುವುದೇ ಅವು ಭಾರ ಹೊರುವ ಬಗೆ.

ಕಿವಿಯಿಂದಲೇ ಪರೀಕ್ಷಿಸಬಹುದಲ್ಲ ಅನ್ನಿಸಿತು. ಊರಿನ ಸೈಕಲ್ ಶಾಪಿನವರು ಬೆಂಡು ತೆಗೆಯುವಾಗ ಕಡ್ಡಿಗಳನ್ನು ಉಗುರಿನಿಂದ ಮೀಟಿ ಕೇಳುತ್ತಿದ್ದದ್ದು ನೆನಪಿತ್ತು. ಹೆಂಡತಿಯನ್ನು ಕರೆದೆ. "ರೀ, ಇದು ಮುರಿದು ಬಿದ್ದರೆ?" ಎಂದು ಗೋಡೆ ಹಿಡಿದುಕೊಂಡೇ ಸೀಟಿನ ಮೇಲೆ ಕೂತಳು. ಹಿಂದಿನ ಚಕ್ರದ ಮೇಲಿನ ಕಡ್ಡಿ ಮೀಟಿದೆ: ಮೊದಲಿನದೇ ನಾದ. ನೆಲದ ಹತ್ತಿರದ್ದನ್ನು ಮೀಟಿದೆ: ಶ್ರುತಿ ಇಳಿದಿತ್ತು. ಇಳಿಯಲು ಹೇಳಿ ಮೀಟಿದರೆ ಮತ್ತೆ ಏರಿತು. ಅವಳು ಸಂಗೀತ ಕಲಿತವಳು. ಇನ್ನೊಮ್ಮೆ ಕೂರುತ್ತೇನೆ, ಇನ್ನೊಮ್ಮೆ ಮೀಟಿ ಎಂದು ತಾನೇ ಕೇಳಿದಳು. ನಾವು ಬೀದಿಯಲ್ಲಿ ಹೋಗುವಾಗ ಪ್ರತಿ ಕಡ್ಡಿಯೂ ಕೆಳಗೆ ಬಂದಾಗ ಶ್ರುತಿ ಇಳಿಸಿ, ಮೇಲೆ ಹೋಗುತ್ತ ಏರಿಸಿಕೊಳ್ಳುತ್ತ ತಿರುಗುತ್ತಿರುತ್ತದೆ. ಇದನ್ನು ಬಾಲ್ಯದಿಂದ ತುಳಿದ ಕಾಲಿಗೂ ಕೂತ ಮೈಗೂ ಯಾರೂ ಹೇಳಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸೈಕಲ್ಲು ಬೀಳದಿರುವುದರದ್ದು. ವೊಲಾಟನ್ ಪಾರ್ಕಿನ ಹುಲ್ಲಿನ ಇಳಿಜಾರಿನಲ್ಲಿ ಅದನ್ನು ಆಳಿಲ್ಲದೆ ನೂಕಿ ಬಿಟ್ಟೆ. ಎಡಕ್ಕೆ ವಾಲಿದಾಗ ಹ್ಯಾಂಡಲ್ಲು ತಾನೇ ಎಡಕ್ಕೆ ತಿರುಗಿತು, ಸೈಕಲ್ಲು ಎದ್ದುಕೊಂಡಿತು. ವೇಗ ಸತ್ತ ಮೇಲೆಯೇ ಬಿದ್ದದ್ದು. ರೋವರ್ ಬಂದ 14 ವರ್ಷಗಳ ಮೇಲೆ, 1899ರಲ್ಲಿ, ಕೇಂಬ್ರಿಜ್‌ನ ಫ್ರಾನ್ಸಿಸ್ ವಿಪಲ್ ಸೈಕಲ್ಲಿನ ಚಲನೆಗೆ ಸಮೀಕರಣಗಳನ್ನು ಬರೆದ. ತಿರುಗುವ ಚಕ್ರ ಬುಗುರಿಯಂತೆ ಹಿಡಿದು ನಿಲ್ಲಿಸುತ್ತದೆ ಎಂಬ ವಿವರಣೆ ಬಹುಕಾಲ ನಡೆಯಿತು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಇನ್ನೊಂದು ಚಕ್ರ ಕಟ್ಟಿ, ಉಲ್ಟಾ ತಿರುಗಿಸಿ ಆ ಪರಿಣಾಮ ಅಳಿಸಿದರೂ ಸೈಕಲ್ ಹೊಡೆಯಲು ಅಡ್ಡಿಯಾಗಲಿಲ್ಲ. ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ಲು ತಿರುಗುವ ಅಚ್ಚಿನ ಗೆರೆ ನೆಲಕ್ಕೆ ತಾಕುವಲ್ಲಿಂದ ತುಸು ಹಿಂದಿರುವುದೇ ಕಾರಣ ಎಂದು ಆತ ವಾದಿಸಿದ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳವರು ಸೇರಿ ಆ ಎರಡೂ ಕಾರಣಗಳನ್ನು ತೆಗೆದುಹಾಕಿದ ಪುಟ್ಟ ಸೈಕಲ್ಲನ್ನು ಮಾಡಿ ತೋರಿಸಿದರು. ಅದೂ ತಾನಾಗಿ ನೆಟ್ಟಗೆ ಹೋಯಿತು! ಇಂಥದ್ದೊಂದು ಇದ್ದರೆ ಬೀಳುವುದಿಲ್ಲ ಎಂದು ಬೆರಳು ತೋರಿಸುವ ಹಾಗಿಲ್ಲ.

ರ್ಯಾಲಿಯಲ್ಲಿ ಫೋರ್ಕು ಬಾಗಿಸಿದ, ಕೊಳವೆಗಳ ಮೂಲೆಗೆ ಹಿತ್ತಾಳೆ ಕರಗಿಸಿ ಬೆಸೆದ ಕೈಗಳ ಹೆಸರು ಎಲ್ಲೂ ಇಲ್ಲ. ಇಂಗ್ಲಿಷ್ ಲೇಖಕ ಅಲನ್ ಸಿಲಿಟೋ ಹರೆಯದಲ್ಲಿ ಅಲ್ಲಿ ದುಡಿದು, 1958ರ ತನ್ನ ಕಾದಂಬರಿಯಲ್ಲಿ ಆ ಶಾಪ್ ಫ್ಲೋರನ್ನು ತಂದ. ಅಲ್ಲಿ ದುಡಿದ ಸಾವಿರಾರು ಮಂದಿಯ ಪಾಲಿಗೆ ಅದೂ ಒಂದು ದಾಖಲೆ. ಬೆಸುಗೆಯ ಅಂಚಿನಲ್ಲಿ ಅರದ ಗೀರು ಇನ್ನೂ ಬೆರಳಿಗೆ ಸಿಗುತ್ತದೆ. ಅದರ ಮೇಲೆ ಬಣ್ಣ ಹೊಡೆಯಲು ನನಗೆ ಮನಸ್ಸಿಲ್ಲ. ಮೇಲಿನ ಕೊಳವೆಯ ನಗ್ಗನ್ನೂ ಹಾಗೇ ಬಿಟ್ಟಿದ್ದೇನೆ.

ಫ್ರೀವೀಲ್ ಮಾತ್ರ ಬಾಕಿ ಇದೆ. ತುಳಿಯುವುದು ನಿಲ್ಲಿಸಿದಾಗ ಟಿಕ್‌ಟಿಕ್ ಎನ್ನುವ ಎರಡು ಪುಟ್ಟ ನಾಲಗೆ, ಅವುಗಳ ಹಿಂದೆ ಕೂದಲಿನಷ್ಟು ಸಣ್ಣ ಸ್ಪ್ರಿಂಗು, ಸುತ್ತ ಇಂಚಿನ ಎಂಟನೇ ಒಂದರಷ್ಟು ಗಾತ್ರದ ರಾಶಿ ಗುಂಡು. ಅದನ್ನು ಬಿಚ್ಚಬೇಡ, ಎಣ್ಣೆ ಬಿಟ್ಟು ಸುಮ್ಮನಿರು ಎಂದು ಬಲ್ಲವರು ಹೇಳುತ್ತಾರೆ. ಬರುವ ಶನಿವಾರ ನೆಲಕ್ಕೆ ಬಿಳಿ ಪಂಚೆ ಹಾಸಿಕೊಂಡು ಬಿಚ್ಚುವವನಿದ್ದೇನೆ.