ಮಾಡದ ಕಾಯಕದ ಪತ್ರ

ವಿದ್ಯೆಯು ಅರಿವನ್ನು ಕೊಡುವುದು. ಕಾಯಕವು ಆ ಅರಿವನ್ನು ಒರೆಗೆ ಹಚ್ಚುವುದು. ಇವೆರಡೂ ಪರಸ್ಪರ ವಿರೋಧಿಗಳೆಂದು ಬಗೆಯುವವರು ನಮ್ಮಲ್ಲಿ ಇಂದಿಗೂ ಬಹು ಜನರಿದ್ದಾರೆ. ಓದುವ ಹುಡುಗನಿಗೆ ದುಡಿಮೆಯೇಕೆ ಎಂದು ತಂದೆತಾಯಂದಿರು ಕೇಳುತ್ತಾರೆ. ಪದವಿ ಮುಗಿದೊಡನೆ ಅನುಭವವೆಲ್ಲಿ ಎಂದು ಕೆಲಸ ಕೊಡುವವರು ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಸಿಲುಕಿದ ವಿದ್ಯಾರ್ಥಿಯ ಧರ್ಮವೇನೆಂಬುದನ್ನು ಕಿಂಚಿತ್ ವಿಚಾರಿಸೋಣ.

ನಮ್ಮ ಶಾಲೆಯಲ್ಲಿ ಓದಿ, ಪ್ರಸಾದನಿಲಯದಲ್ಲಿ ಬೆಳೆದು, ನಗರದ ಕಾಲೇಜೊಂದರಲ್ಲಿ ವಾಣಿಜ್ಯ ಪದವಿಯ ಕೊನೆಯ ವರ್ಷದಲ್ಲಿದ್ದ ತರುಣನೊಬ್ಬನು ಕಳೆದ ಬೇಸಗೆಯಲ್ಲಿ ನನ್ನ ಬಳಿಗೆ ಬಂದನು. ಕೆಲಸದ ಅರ್ಜಿಯೊಡನೆ ಲಗತ್ತಿಸಲು ಅವನಿಗೆ ನನ್ನಿಂದ ಗುಣನಡತೆಯ ಪತ್ರ ಬೇಕಾಗಿತ್ತು. ಲೆಕ್ಕಪತ್ರದ ಕಚೇರಿಯೊಂದರಲ್ಲಿ ಎರಡು ತಿಂಗಳು ಇಂಟರ್ನ್‌ಷಿಪ್ ಮಾಡಿದ ಪ್ರಮಾಣಪತ್ರವೂ ಅರ್ಜಿಯೊಡನೆ ಇದ್ದಿತು. ಅಲ್ಲಿ ಏನು ಕಲಿತೆಯಪ್ಪಾ ಎಂದು ಕೇಳಿದೆನು. ಅವನು ತಲೆ ತಗ್ಗಿಸಿದನು. ಅದು ಹಣ ಕೊಟ್ಟು ತಂದ ಪತ್ರ. ಆ ಕಚೇರಿಯ ಹೊಸ್ತಿಲನ್ನು ಅವನು ಒಂದು ದಿನವೂ ತುಳಿದಿರಲಿಲ್ಲ. "ಬಹಳ ಮಂದಿ ಹೀಗೆಯೇ ಮಾಡುತ್ತಾರೆ, ಗುರುಗಳೇ. ಇದರಿಂದ ಯಾರಿಗೇನು ನಷ್ಟ?" ಎಂದನು.

ಹಾಗಾದರೆ ಆ ಎರಡು ತಿಂಗಳು ಎಲ್ಲಿದ್ದೆ ಎಂದೆನು. ಅವನ ಉತ್ತರದಿಂದ ನಾನು ಬೆರಗಾದೆನು. ಎರಡು ವರ್ಷಗಳಿಂದಲೂ ಅವನು ಸಂಜೆ ಐದರಿಂದ ಒಂಬತ್ತರವರೆಗೆ ಕಿರಾಣಿ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದನು. ಸರಕು ಎಣಿಸುವುದು, ಉದ್ದರಿ ಖಾತೆ ಬರೆಯುವುದು, ತಿಂಗಳ ಕೊನೆಗೆ ಜಿಎಸ್‌ಟಿ ಬಿಲ್ಲುಗಳನ್ನು ಹೊಂದಿಸಿಡುವುದು ಅವನ ಕೆಲಸ. ಆ ಸಂಬಳದಿಂದಲೇ ಕಾಲೇಜಿನ ಶುಲ್ಕ ಸಲ್ಲುತ್ತಿದ್ದಿತು. ಅರ್ಜಿಯಲ್ಲಾದರೋ ಇದರ ಒಂದಕ್ಷರವೂ ಇರಲಿಲ್ಲ. "ಅಂಗಡಿಯ ಕೆಲಸ ಬರೆದರೆ ನಗುತ್ತಾರೆ" ಎಂದನು. ಮಾಡದ ಕಾಯಕವನ್ನು ಮೆರೆಸಿ, ಮಾಡಿದ ಕಾಯಕವನ್ನು ಬಚ್ಚಿಟ್ಟಿದ್ದನು.

ಯಾರಿಗೇನು ನಷ್ಟವೆಂಬ ಪ್ರಶ್ನೆ ಹಳೆಯದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಕಳುಹಿದ ವೃತ್ತಾಂತವು ವಾಚಕರಿಗೆಲ್ಲ ವಿದಿತವೇ ಆಗಿದೆ. ನೆಲಕ್ಕೆ ಬಿದ್ದ ಅಕ್ಕಿಯಿಂದ ಯಾರಿಗೆ ನಷ್ಟ? ಆ ತಾಯಿಯು ಅಕ್ಕಿಯ ಒಡೆಯನ ನಷ್ಟವನ್ನು ಎಣಿಸಲಿಲ್ಲ. ತಂದವನ ಮನಸ್ಸನ್ನು ನೋಡಿದಳು. ಕೊಂಡ ಪತ್ರದಲ್ಲಿ ನಷ್ಟವು ಇನ್ನೂ ಹೆಚ್ಚು. ನಿಜವಾಗಿ ಎರಡು ತಿಂಗಳು ಕುಳಿತು ಕಲಿತವನು ಅದರಿಂದ ಹಿಂದೆ ಸರಿಯುವನು. ಕೊಂಡವನಾದರೋ ಮೊದಲ ಪ್ರಶ್ನೆಗೇ ಅಂಜುತ್ತ ಜೀವನವನ್ನು ಆರಂಭಿಸುವನು.

ಆದರೆ ದೋಷವೆಲ್ಲವೂ ಹುಡುಗನದೇ ಎಂಬುದು ನ್ಯಾಯವಲ್ಲ. ಎಷ್ಟೋ ಕಡೆ ತಿಂಗಳುಗಟ್ಟಲೆ ದುಡಿಸಿಕೊಂಡು ಕಾಸೂ ಕೊಡುವುದಿಲ್ಲ. ಸಂಜೆಯ ಸಂಬಳವೇ ಶುಲ್ಕವಾಗಿರುವ ಬಡವನು ಅಂತಹ ಬಾಗಿಲನ್ನು ಹೊಗುವುದೆಂತು? ಅದು ಉಳ್ಳವರ ಮಕ್ಕಳಿಗೆ ಮಾತ್ರ ತೆರೆದ ಬಾಗಿಲು. ಫಲಾಪೇಕ್ಷೆಯಿಲ್ಲದ ದುಡಿಮೆಯು ದಾಸೋಹವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ದಾಸೋಹವು ಕೊಡುವವನು ತಾನಾಗಿ ಕೊಡುವುದು. ಇನ್ನೊಬ್ಬನ ಅಗತ್ಯವನ್ನು ಹಿಡಿದು ಹಿಂಡಿಕೊಂಡದ್ದು ದಾಸೋಹವಾಗಲಾರದು.

ನೇರವಾದ ದಾರಿಗಳೂ ಉಂಟು. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕರಾರು ಮಾಡಿಕೊಂಡು ಕಲಿಯುವವನಿಗೆ ವೇತನ ಕೊಡಲೇಬೇಕು; 2019ರ ನಿಯಮಗಳು ವಿದ್ಯಾರ್ಹತೆಗೆ ಅನುಸಾರವಾಗಿ ತಿಂಗಳಿಗೆ 5,000ದಿಂದ 9,000 ರೂಪಾಯಿಗಳ ಕನಿಷ್ಠ ಮೊತ್ತವನ್ನು ಗೊತ್ತುಪಡಿಸಿದುವು. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯು, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ದೊರೆಯದ ಪದವೀಧರರಿಗೆ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ನೀಡುವ ಯೋಜನೆ. ಕೆಲಸ ದೊರೆತ ಮೇಲೆಯೂ ಅದನ್ನು ಪಡೆದರೆ ಅದು ಲಕ್ಕಮ್ಮ ಮರಳಿ ಕಳುಹಿದ ಅಕ್ಕಿಯೇ ಸರಿ. ಕೆಲಸ ಕೊಡಿಸುವೆನೆಂದು ಮುಂಗಡ ಕೇಳುವವನ ನೆರಳಿಗೂ ವಿದ್ಯಾರ್ಥಿಯು ಹೋಗಬಾರದು.

ಸದ್ಭಕ್ತರಾದ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಅಂಗಡಿ, ಗಿರಣಿ, ಕಚೇರಿಗಳಲ್ಲಿ ಓದುವ ಹುಡುಗ ಹುಡುಗಿಯರು ದುಡಿಯುತ್ತಿದ್ದರೆ ಸಂಬಳವನ್ನು ತಪ್ಪದೆ ಕೊಡಿರಿ. ಪರೀಕ್ಷೆಯ ದಿನಗಳಲ್ಲಿ ಬಿಡುವು ಕೊಡಿರಿ. ಅವರು ಬಿಟ್ಟು ಹೋಗುವಾಗ ಏನು ಕೆಲಸ, ಎಷ್ಟು ಕಾಲ ಮಾಡಿದರೆಂದು ನಾಲ್ಕು ಸಾಲು ಬರೆದುಕೊಡಿರಿ. ನಿಮಗೆ ಅದು ಅರ್ಧ ಗಳಿಗೆಯ ಕೆಲಸ. ಅವರಿಗೆ ಅದೇ ಬಂಡವಾಳ.

ನನ್ನ ತಪ್ಪನ್ನೂ ಹೇಳಬೇಕು. ವರ್ಷವರ್ಷವೂ ಶಾಲೆಯ ಸಭೆಯಲ್ಲಿ ಅಧಿಕಾರಿಗಳಾದ ಹಳೆಯ ವಿದ್ಯಾರ್ಥಿಗಳ ಹೆಸರುಗಳನ್ನು ಓದಿದವನು ನಾನೇ. ಅಂಗಡಿಯಲ್ಲಿ ದುಡಿದು ಓದಿದವನ ಹೆಸರನ್ನು ಒಮ್ಮೆಯೂ ಓದಲಿಲ್ಲ. ನಾಚಿಕೆಯ ಪಾಠವನ್ನು ಆ ಹುಡುಗನು ನನ್ನಿಂದಲೇ ಕಲಿತಿರಬೇಕು.

ಅವನು ಕೊಂಡ ಪತ್ರವನ್ನು ತೆಗೆದಿರಿಸಿದನು. ಇಬ್ಬರೂ ಅಂಗಡಿಯವರಲ್ಲಿಗೆ ಹೋಗಿ ನಿಜವಾದ ಪತ್ರವನ್ನು ಬರೆಯಿಸಿಕೊಂಡೆವು. ಅದರ ಕೆಳಗೆ ನನ್ನದನ್ನು ಸೇರಿಸಿದೆನು. ಆ ಕೆಲಸ ಅವನಿಗೆ ದೊರೆಯಲಿಲ್ಲ. ಮತ್ತೊಂದು ಕಡೆಗೆ ಅದೇ ಪತ್ರದೊಡನೆ ಅರ್ಜಿ ಹಾಕಿದ್ದಾನೆ, ಉತ್ತರ ಬಂದಿಲ್ಲ. ಸಂಜೆ ಐದಕ್ಕೆ ಅಂಗಡಿಗೆ ಹೋಗುವುದನ್ನು ಬಿಟ್ಟಿಲ್ಲ. ಈ ವರ್ಷದ ಸಭೆಯಲ್ಲಿ ನಾನು ಮೊದಲು ಓದುವ ಹೆಸರು ಅವನದು.