ಯಾರ ವ್ರತ, ಯಾರ ತಟ್ಟೆ?

ಯಶವಂತಪುರದ ಎಪಿಎಂಸಿ ಯಾರ್ಡು ರಾಜ್ಯದ ದೊಡ್ಡ ಈರುಳ್ಳಿ ಮಾರುಕಟ್ಟೆಗಳಲ್ಲೊಂದು. ಅಲ್ಲಿಂದ ಹೆಚ್ಚು ದೂರವಿಲ್ಲದ ಹರೇಕೃಷ್ಣ ಗಿರಿಯಲ್ಲಿ ಇಸ್ಕಾನಿನ ಅಡುಗೆಮನೆಯಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆಂದು ಅಲ್ಲಿ ಕುದಿಯುವ ಸಾಂಬಾರಿಗೆ ಈರುಳ್ಳಿಯೂ ಬೀಳುವುದಿಲ್ಲ, ಬೆಳ್ಳುಳ್ಳಿಯೂ ಬೀಳುವುದಿಲ್ಲ. ಇತ್ತ ಹೆಬ್ಬಾಳದ ವಿಜ್ಞಾನಿಗಳು ಹಿತ್ತಲಲ್ಲಿ ಸಾಕುವ ಬಡವರಿಗಾಗಿಯೇ 'ಗಿರಿರಾಜ' ಕೋಳಿ ತಳಿಯನ್ನು ಬೆಳೆಸಿದವರು. ಅದರ ಮೊಟ್ಟೆಯೂ ಆ ಅಡುಗೆಮನೆಯ ಬಾಗಿಲು ದಾಟುವಂತಿಲ್ಲ. ಮತ್ತಿಕೆರೆ, ಆರ್‌.ಟಿ. ನಗರ, ಯಲಹಂಕದ ಪ್ರಾಥಮಿಕ ಶಾಲೆಗಳಲ್ಲಿ ಊಟದ ಗಂಟೆ ಹೊಡೆದಾಗ ಸ್ಟೀಲ್ ತಟ್ಟೆ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುವ ಮಕ್ಕಳಿಗೆ ಇದಾವುದೂ ತತ್ವಶಾಸ್ತ್ರದ ಪ್ರಶ್ನೆಯಲ್ಲ. ದೊಡ್ಡವರಿಗೆ ಮಾತ್ರ ಇದು ಕಾಲು ಶತಮಾನದಿಂದ ಧರ್ಮದ ಪ್ರಶ್ನೆಯಾಗಿದೆ: ಸರ್ಕಾರಿ ಶಾಲೆಯ ತಟ್ಟೆಯಲ್ಲಿ ಏನಿರಬೇಕೆಂದು ಯಾರ ನಂಬಿಕೆ ತೀರ್ಮಾನಿಸಬೇಕು? ವ್ರತ ಹಿಡಿದವರು ತಮ್ಮ ಬಾಯಿಗೆ ಹಾಕಿಕೊಂಡ ಕಟ್ಟು ಅವರದೇ ಬಾಯಿಗೆ ಸಲ್ಲಬೇಕು, ಅಲ್ಲಿ ಅದಕ್ಕೆ ಪೂರ್ತಿ ಮರ್ಯಾದೆಯೂ ಸಿಗಬೇಕು ಎಂಬುದು ನನ್ನ ವಾದ. ಕೇಳಲು ಸರಳವಾಗಿದೆ. ಆದರೆ ಇದರ ವಿರುದ್ಧ ಬರುವ ಮಾತುಗಳು ಅಷ್ಟು ಸರಳವಲ್ಲ.

ಮೊದಲು, ಈ ಊಟದ ಯಜಮಾನರು ಯಾರೆಂದು ಕೇಳಬೇಕು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳು ಜಾತಿ ಮತ ಎನ್ನದೆ ಉಣ್ಣುತ್ತಾರೆ. ಅಲ್ಲಿ ಮೊಟ್ಟೆ ಕೊಡಿ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅದು ಮಠದ ಮನೆ, ಅಲ್ಲಿ ನಡೆಯುವುದು ಮಠದ ದಾಸೋಹ, ಒಳಗೆ ಬಂದವರು ಮನೆಯ ರೀತಿ ಒಪ್ಪಿಯೇ ಬಂದವರು. ಶಾಲೆಯ ಊಟದ ಸಂಗತಿ ಬೇರೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಮಗುವಿನ ಹಕ್ಕೆಂದು ಬರೆಯಿತು. ಯಾರ್ಡಿನ ಹಮಾಲಿಯ ಮಗಳಾಗಲಿ, ರಾಯಚೂರು–ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಹೆಬ್ಬಾಳದ ಕಡೆ ಬಂದವರ ಮಗನಾಗಲಿ ಇಲ್ಲಿ ಯಾರ ಅತಿಥಿಯೂ ಅಲ್ಲ. ತನಗೆ ಸಲ್ಲಬೇಕಾದದ್ದನ್ನು ತಾನು ಉಣ್ಣುತ್ತಿದೆ ಆ ಮಗು. ದಾನಕ್ಕೆ ದಾನಿಯ ನೇಮ ಅಂಟಿಕೊಂಡು ಬರಬಹುದು, ಹಕ್ಕಿಗೆ ಅದು ಅಂಟುವುದಿಲ್ಲ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪವೊಂದಿದೆ. ಸಿಖ್ಖರ ಲಂಗರಿನಲ್ಲಿ ಸಸ್ಯಾಹಾರ ಬಡಿಸುವುದು ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಲೆಂದು. ಮೊಟ್ಟೆ ತಿನ್ನುವವರು ಮೊಟ್ಟೆಯಿಲ್ಲದ ಊಟವನ್ನೂ ಉಣ್ಣಬಲ್ಲರು, ತಿನ್ನದವರಿಗೆ ಮೊಟ್ಟೆಯ ಊಟ ಸಾಧ್ಯವಿಲ್ಲ; ಹಾಗಿದ್ದರೆ ಯಾರ ಮನಸ್ಸೂ ನೋಯದ ಅಡುಗೆಯೇ ಎಲ್ಲರ ಅಡುಗೆಯಾಗಲಿ ಎನ್ನುತ್ತದೆ ಅದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಹೇಳಿದ್ದರ ತಿರುಳೂ ಇದೇ. ವಾರಕ್ಕೊಮ್ಮೆಯ ಪ್ರಸಾದಕ್ಕೆ, ಜಾತ್ರೆಯ ಊಟಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಶಾಲೆಯದು ದಿನನಿತ್ಯದ ಊಟ, ಎಷ್ಟೋ ಮಕ್ಕಳಿಗೆ ದಿನದ ಮುಖ್ಯ ಊಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದನೇ ತರಗತಿಗೆ ಬಂದು ಕೂರುವವರು ಇವರೇ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನಿದೆ, ಅದರ ಬದಲಿಗೆ ಕೊಡುವ ಬಾಳೆಹಣ್ಣಿನಲ್ಲಿ ಸುಮಾರು ಒಂದು ಗ್ರಾಂ ಮಾತ್ರ. ಹಾಗೆಂದು ಪೌಷ್ಟಿಕತೆಯೊಂದನ್ನೇ ನೆಚ್ಚಿ ನಾನು ವಾದಿಸಲಾರೆ. ಹಾಲಿದೆ, ಬೇಳೆಯಿದೆ, ಮನಸ್ಸು ಮಾಡಿದರೆ ಅದೇ ಪ್ರೋಟೀನನ್ನು ಬೇರೆ ದಾರಿಯಲ್ಲೂ ಕೊಡಬಹುದು. ನಾಳೆ ಒಬ್ಬ ತಜ್ಞರು ಲೆಕ್ಕ ಹಾಕಿ ಮೊಟ್ಟೆ ಬೇಡವೆಂದು ತೋರಿಸಿದರೂ ಪ್ರಶ್ನೆ ಉಳಿಯುತ್ತದೆ: ಮನೆಯಲ್ಲಿ ಮೊಟ್ಟೆ ತಿನ್ನುವ ಮಗುವಿನ ಊಟವನ್ನು ಶಾಲೆ ತಪ್ಪೆಂಬಂತೆ ಕಾಣಬಹುದೇ? 'ಯಾರಿಗೂ ನೋವಾಗದ ಅಡುಗೆ' ಎನ್ನುವಾಗ ಲೆಕ್ಕಕ್ಕೆ ಬರುವುದು ಒಂದು ಕಡೆಯ ನೋವು ಮಾತ್ರ. ತನ್ನ ಅವ್ವ ಮಾಡುವ ಅಡುಗೆ ಶಾಲೆಗೆ ತರುವಂಥದ್ದಲ್ಲ ಎಂದು ಎಂಟು ವರ್ಷಕ್ಕೇ ತಿಳಿದುಕೊಳ್ಳುವ ಹುಡುಗಿಯ ಸಂಕೋಚ ಯಾವ ಮನವಿಪತ್ರದಲ್ಲೂ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ನಂಬಿಕೆಗೆ ಮರ್ಯಾದೆ ಕೊಟ್ಟು ಒಂದು ಮಗುವಿಗೆ ಮೊಟ್ಟೆಯ ಬದಲು ಬಾಳೆಹಣ್ಣು ಕೊಡುತ್ತೀರಿ. ದಲಿತ ಹೆಂಗಸು ಬೇಯಿಸಿದ ಅನ್ನ ಉಣ್ಣಬೇಡವೆಂದು ಮಗುವನ್ನು ಕಳಿಸುವ ಮನೆಯವರೂ ತಮ್ಮದು ನಂಬಿಕೆಯೇ ಎನ್ನುತ್ತಾರಲ್ಲ, ಅವರಿಗೇನು ಕೊಡುತ್ತೀರಿ? 2004ರಲ್ಲೇ ಸುಪ್ರೀಂ ಕೋರ್ಟು ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದಿತು. ಆಮೇಲೂ ಕರ್ನಾಟಕದ ಹಳ್ಳಿಗಳಿಂದ ಇಂಥ ಬಹಿಷ್ಕಾರದ ಸುದ್ದಿಗಳು ಬರುತ್ತಲೇ ಇವೆ. ನಗರದಲ್ಲಿ ಊಟ ವ್ಯಾನಿನಲ್ಲಿ ಮುಚ್ಚಿದ ಡಬ್ಬಿಗಳಲ್ಲಿ ಬರುವುದರಿಂದ ಬೇಯಿಸಿದ ಕೈ ಕಾಣುವುದಿಲ್ಲ, ಅಷ್ಟೇ. ಇವೆರಡೂ ಒಂದೇ ಬಗೆಯ ನಿರಾಕರಣೆಗಳೆಂದು ತೋರಬಹುದು; ಒಳಹೊಕ್ಕು ನೋಡಿದರೆ ಹಾಗಿಲ್ಲ. ಮೊಟ್ಟೆ ಬೇಡವೆನ್ನುವ ಜೈನರ ಹುಡುಗ ತನ್ನ ದೇಹದ ಬಗ್ಗೆ, ತನ್ನ ಮನೆಯ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದಾನೆ, ಪಕ್ಕದವನು ಯಾರೆಂದು ಅವನು ಏನೂ ಹೇಳುತ್ತಿಲ್ಲ. ಅಡುಗೆಯಾಕೆಯ ಅನ್ನ ಬೇಡವೆನ್ನುವವರು ಆಕೆಯ ಬಗ್ಗೆ ತೀರ್ಪು ಕೊಡುತ್ತಿದ್ದಾರೆ. ಮೊದಲನೆಯದಕ್ಕೆ ಬಾಳೆಹಣ್ಣು ಕೊಟ್ಟರೆ ಯಾರ ಘನತೆಯೂ ಕುಂದುವುದಿಲ್ಲ. ಎರಡನೆಯದಕ್ಕೆ ಬೇರೆ ಅಡುಗೆಯವರನ್ನು ತಂದರೆ ಶಾಲೆಯೇ ಆ ತೀರ್ಪಿಗೆ ಸಹಿ ಹಾಕಿದಂತೆ. ವ್ರತಕ್ಕೂ ಮಡಿಮೈಲಿಗೆಗೂ ನಡುವೆ ಗೆರೆ ಎಳೆಯಬೇಕಾದದ್ದು ಇಲ್ಲಿ. ನಮ್ಮ ಪರಂಪರೆಯಲ್ಲಿ ಇವೆರಡೂ ಒಂದೇ ಮಡಿಪಂಚೆ ಉಟ್ಟು ಓಡಾಡಿದ್ದರಿಂದಲೇ ಗೆರೆ ಎಳೆಯುವುದು ಕಷ್ಟವಾಗಿದೆ.

ಅಹಿಂಸೆಯ ವಾದ ಈ ಗೆರೆಯನ್ನೂ ದಾಟಿ ಬರುತ್ತದೆ, ಅದಕ್ಕೇ ಅದನ್ನು ಹಗುರವಾಗಿ ಕಾಣಬಾರದು. 'ನನ್ನ ಬಾಯಿಯ ಮಾತು ಬಿಡಿ, ಪಂಜರದ ಕೋಳಿಯ ಮಾತಾಡಿ' ಎನ್ನುವವರು ಇನ್ನೊಂದು ಜೀವದ ಪರವಾಗಿ ನಿಂತವರು. ಆದರೆ ಆ ವಾದ ಎಲ್ಲರ ಮುಂದೆ, ಎಲ್ಲದರ ಮೇಲೂ ನಡೆಯಬೇಕು. ಬೇಕರಿಯ ಕೇಕು, ಹೋಟೆಲಿನ ಆಮ್ಲೆಟ್ಟು, ಹಾಲಿಗಾಗಿ ತಾಯಿಯಿಂದ ಬೇರೆಯಾಗುವ ಗಂಡುಕರು, ಇವೆಲ್ಲ ಬಿಟ್ಟು ಬಡವರ ಮಕ್ಕಳ ತಟ್ಟೆಯ ಬಳಿಗೇ ಬಂದು ನಿಲ್ಲುವ ಅಹಿಂಸೆಯ ಬಗ್ಗೆ ಅನುಮಾನ ಬಂದರೆ ತಪ್ಪೇನಿಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ಕಾರಣವಿದ್ದರೆ ಜನ ಕಟ್ಟುಪಾಡನ್ನು ಒಪ್ಪುತ್ತಾರೆ ಎನ್ನುವುದಕ್ಕೆ ಯಲಹಂಕವೇ ಸಾಕ್ಷಿ. 2023ರ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಸಮಯದಲ್ಲಿ ವಾಯುನೆಲೆಯ ಸುತ್ತ 10 ಕಿಲೋಮೀಟರಿನೊಳಗೆ ಮಾಂಸ ಮಾರಾಟವನ್ನು ಬಿಬಿಎಂಪಿ ನಿಷೇಧಿಸಿತ್ತು. ಎಸೆದ ಮಾಂಸಕ್ಕೆ ಹದ್ದುಗಳು ಬರುತ್ತವೆ, ಹದ್ದುಗಳಿಂದ ವಿಮಾನಕ್ಕೆ ಅಪಾಯ ಎಂಬುದು ಅದರ ಕಾರಣ. ಅಂಗಡಿಯವರು ನಷ್ಟಕ್ಕೆ ಗೊಣಗಿದರೂ ಯಾರ ಧರ್ಮಕ್ಕೂ ಅದು ಅವಮಾನವೆನಿಸಲಿಲ್ಲ. ಶಾಲೆಯ ತಟ್ಟೆಯಿಂದ ಏನನ್ನಾದರೂ ತೆಗೆಯುವುದಿದ್ದರೆ ಅಂಥ ಕಾರಣ ಬೇಕು. ಮೊಟ್ಟೆಯ ಬದಲಿಗೆ ಶಾಲೆಯಲ್ಲಿ ಕೊಡುತ್ತಿದ್ದ ಚಿಕ್ಕಿಯನ್ನು ಸಕ್ಕರೆ ಮತ್ತು ಕೊಬ್ಬಿನ ಕಾರಣಕ್ಕೆ ನಿಲ್ಲಿಸಿದಾಗ ಯಾವ ಸ್ವಾಮೀಜಿಯೂ ಬೀದಿಗಿಳಿಯಲಿಲ್ಲ.

ಮೊಟ್ಟೆ–ಬಾಳೆಹಣ್ಣು ಎಂದು ಬೇರೆ ಮಾಡಿದರೆ ಪಂಕ್ತಿಭೇದವಾಗುತ್ತದೆ ಎಂಬ ಆತಂಕವೂ ಇದೆ. ಪಂಕ್ತಿಭೇದವೆಂದರೆ ಕೂರಿಸುವ ಜಾಗದಲ್ಲಿ, ಬಡಿಸುವ ರೀತಿಯಲ್ಲಿ ಮೇಲು–ಕೀಳು ಮಾಡುವುದು. ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಒಂದೇ ಸಾಲಿನಲ್ಲಿ ಒಬ್ಬಳು ಹಳದಿಯನ್ನು ಕೊನೆಗೆಂದು ಎತ್ತಿಟ್ಟು ಬಿಳಿಯನ್ನು ಮೊದಲು ತಿನ್ನುತ್ತಿದ್ದರೆ, ಪಕ್ಕದವಳು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರೆ ಪಂಕ್ತಿಗೆ ಏನೂ ಆಗುವುದಿಲ್ಲ. ಬೇರೆ ಸಾಲು ಮಾಡಿಸುವ ಮೇಷ್ಟರಿದ್ದರೆ ತಪ್ಪು ಮೊಟ್ಟೆಯದಲ್ಲ. ಹಾಗೆ ನೋಡಿದರೆ ಚಿಪ್ಪಿನೊಳಗೇ ಬೇಯುವ ಮೊಟ್ಟೆಯಷ್ಟು ಮಡಿವಂತ ಪದಾರ್ಥ ಇನ್ನೊಂದಿಲ್ಲ. ಪಾತ್ರೆಯೊಂದು ಬೇರೆಯಿದ್ದರೆ ಯಾರ ಅನ್ನವನ್ನೂ ಅದು ಮುಟ್ಟುವುದಿಲ್ಲ. ಮನೆಯಲ್ಲಿ ಬೇಡವೆಂದಿರುವ ಮಗುವೇ ಒಂದು ದಿನ ಮೊಟ್ಟೆಗೆ ಕೈಚಾಚಿದರೆ? ಆರು ವರ್ಷದ ಮಗುವಿನ ವಿಷಯದಲ್ಲಿ ಪೋಷಕರ ಮಾತು ನಡೆಯಲಿ, ಶಿಕ್ಷಕರು ಅದನ್ನು ಮೀರುವುದು ಬೇಡ. ಆದರೆ ಗೆಳತಿಯ ತಟ್ಟೆಯಿಂದ ಆ ಮಗು ಒಂದು ಚೂರು ತಿಂದರೆ ಅದನ್ನು ಕಾವಲು ಕಾಯುವ ಕೆಲಸ ಶಾಲೆಯದಲ್ಲ.

ಉಳಿದದ್ದು ದಾನಿಗಳ ಪ್ರಶ್ನೆ. 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಆರಂಭಿಸಿದ ಇಸ್ಕಾನಿನ ಅಕ್ಷಯ ಪಾತ್ರ, ಸರ್ಕಾರವೇ ಇನ್ನೂ ಮಲಗಿದ್ದಾಗ ಎದ್ದು ಒಲೆ ಹೊತ್ತಿಸಿದ ಸಂಸ್ಥೆ. ಆ ಋಣ ಸಣ್ಣದಲ್ಲ. ಆದರೆ ಇಂದು ಆ ಅಡುಗೆಮನೆಗಳಿಗೆ ಸರ್ಕಾರದ ಧಾನ್ಯವೂ ಅನುದಾನವೂ ಹೋಗುತ್ತವೆ. ಈರುಳ್ಳಿ–ಬೆಳ್ಳುಳ್ಳಿಯ ವಿವಾದ ಎದ್ದು, ಮಕ್ಕಳಿಗೆ ಸಾಂಬಾರು ರುಚಿಸುತ್ತಿಲ್ಲವೆಂಬ ದೂರು ಬಂದಾಗ ಪ್ರಶ್ನೆಯನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗೆ ಕಳಿಸಲಾಯಿತು. ಊಟ ಮಾನದಂಡಕ್ಕೆ ಸರಿಯಾಗಿದೆ ಎಂಬ ಉತ್ತರ ಬಂತು. ಕ್ಯಾಲೊರಿಯ ಪ್ರಶ್ನೆಗೆ ಅದು ಸರಿಯಾದ ಉತ್ತರ. ಭಕ್ತರ ಸಾತ್ವಿಕ ನಿಯಮಕ್ಕೆ ಭಕ್ತರಲ್ಲದ ಮಕ್ಕಳ ನಾಲಿಗೆ ಏಕೆ ಒಳಪಡಬೇಕು ಎಂಬುದನ್ನು ಯಾವ ಪ್ರಯೋಗಾಲಯವೂ ತೂಗಲಾರದು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ವಾರದ ನಾಲ್ಕು ದಿನದ ಮೊಟ್ಟೆಯ ಖರ್ಚು ಹೊತ್ತಿದೆ, ಅದೂ ಖಾಸಗಿ ದಾನವೇ. ಬೇಡವೆಂದವರಿಗೆ ಅಲ್ಲಿ ಬಾಳೆಹಣ್ಣಿದೆ. ವ್ಯಾನಿನಲ್ಲಿ ಊಟ ಬರುವ ಶಾಲೆಗಳಲ್ಲಿ ಮೊಟ್ಟೆಯನ್ನು ಬೇರೆಯಾಗಿ ಬೇಯಿಸಿ ಸುಲಿದು ಕೊಡುವ ಏರ್ಪಾಡು ಹೇಗೂ ಮಾಡಿಕೊಳ್ಳಬೇಕಾಯಿತು. ಹಾಗೆಯೇ ಈರುಳ್ಳಿ–ಬೆಳ್ಳುಳ್ಳಿಯ ಒಗ್ಗರಣೆ ಬೇಕೋ ಬೇಡವೋ ಎಂಬುದನ್ನು ಆಯಾ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಾಯಂದಿರನ್ನು ಕೇಳಿ ತೀರ್ಮಾನಿಸಿ, ಅದನ್ನು ಸರಬರಾಜಿನ ಒಪ್ಪಂದದಲ್ಲೇ ಬರೆಯಬಹುದು. ಒಪ್ಪಂದಕ್ಕೆ ಸಹಿ ಹಾಕಲು ವ್ರತ ಅಡ್ಡಬಂದ ಸಂಸ್ಥೆ ಆ ಶಾಲೆಗೆ ಅನ್ನ, ಮೊಸರು ಮಾತ್ರ ಕಳಿಸಲಿ. ಸಾಂಬಾರನ್ನು ಅಲ್ಲೇ ಓಣಿಯ ಸ್ವಸಹಾಯ ಸಂಘದ ಹೆಂಗಸರು ಮಾಡಿಕೊಡಬಲ್ಲರು.